ಕನ್ನಡಕದ ಡಬ್ಬಿಯಲ್ಲಿ ಮೂರು ಮಾತ್ರೆ

ಸೋಮವಾರ, ಮಧ್ಯಾಹ್ನ ಊಟದ ಬಿಡುವು
ಕಟಿಂಗ್ ಟೇಬಲ್ ಮುಂದಿನಿಂದ

ಮುನಿಸಿಕೊಂಡು ಗೋಡೆಗೆ ಮುಖ ಮಾಡಿ ಮಲಗಿರುವ ನಮ್ಮ ಯಜಮಾನರಿಗೆ,

ಕನ್ನಡಕದ ಡಬ್ಬಿ ತೆರೆದಾಗ ನೀವು ಬಚ್ಚಿಟ್ಟ ಮಾತ್ರೆಗಳ ಬದಲು ಈ ಕಾಗದ ಸಿಕ್ಕಿರುತ್ತದೆ. ಹರಿದು ಬಿಸಾಡಬೇಡಿ. ನಾನು ಎದುರಿಗೆ ಬಂದರೆ ಹೊದಿಕೆ ಎಳೆದುಕೊಳ್ಳುತ್ತೀರಿ. ಮಾತಾಡಿಸಿದರೆ ಗೊರಕೆ ಹೊಡೆಯುತ್ತೀರಿ. ಹದಿನೇಳು ವರ್ಷ ನಿಮ್ಮ ಪಕ್ಕದಲ್ಲಿ ಮಲಗಿದವಳಿಗೆ ನಿಮ್ಮ ನಿಜವಾದ ಗೊರಕೆ ಯಾವುದು, ನಾಟಕದ್ದು ಯಾವುದು ಎಂದು ಗೊತ್ತಾಗುವುದಿಲ್ಲವೇ? ಅದಕ್ಕೇ ಬರೆಯುತ್ತಿದ್ದೇನೆ. ಪ್ಯಾಟರ್ನ್ ಕತ್ತರಿಸುವ ಕಂದು ಕಾಗದ ಇದು, ತಪ್ಪು ತಿಳಿಯಬೇಡಿ. ಸೀಸದಕಡ್ಡಿಯೂ ಕಾರ್ಖಾನೆಯದೇ.

ನಿನ್ನೆ ನಿಮ್ಮಕ್ಕ ನನ್ನನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ನಿಮ್ಮ ಸಂದೇಶ ಹೇಳಿದರು. ಡಾಕ್ಟರ ಹತ್ತಿರ ಹೋಗಿ, ಫಾರಮ್ಮಿನಲ್ಲಿ ಬರೆದಿದ್ದು ತಪ್ಪಾಯಿತು, ಸಿಟ್ಟಿನಲ್ಲಿ ಬರೆದೆ ಎಂದು ಹೇಳಿ ಆ ಸಾಲನ್ನು ನಾನೇ ಹೊಡೆದು ಹಾಕಬೇಕಂತೆ. ಇಲ್ಲದಿದ್ದರೆ ನೀವು ಆಸ್ಪತ್ರೆಯಿಂದ ಸೀದಾ ಅವರ ಮನೆಗೆ ಹೋಗುತ್ತೀರಂತೆ. "ಗಂಡನ ಮರ್ಯಾದೆ ಹರಾಜು ಹಾಕಿದೆಯಲ್ಲೇ" ಎಂದರು ಅತ್ತಿಗೆ.

ಹೊಡೆದು ಹಾಕುವುದಿಲ್ಲ. ನೀವು ಅಕ್ಕನ ಮನೆಗಾದರೂ ಹೋಗಿ, ಅಕ್ಕನ ಅತ್ತೆ ಮನೆಗಾದರೂ ಹೋಗಿ. ನಡೆದುಕೊಂಡು ಹೋಗುವ ಹಾಗಾದರೆ ಸಾಕು, ಬಟ್ಟೆಬರೆ ನಾನೇ ಪೆಟ್ಟಿಗೆಗೆ ತುಂಬಿ ಕಳಿಸುತ್ತೇನೆ.

ನಾನು ಬರೆದಿದ್ದಾದರೂ ಏನು? 'ಮದ್ಯಪಾನ ಇದೆಯೇ' ಎಂದು ಎರಡು ಬೆರಳು ಅಗಲದ ಜಾಗ ಬಿಟ್ಟಿದ್ದರು. ಹನ್ನೊಂದು ವರ್ಷದಿಂದ ದಿನಕ್ಕೆ ಒಂದು ಕ್ವಾರ್ಟರ್, ರಜೆ ದಿನ ಎರಡು, ಈಗ ಏಳೆಂಟು ತಿಂಗಳಿಂದ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅರ್ಧ ಲೋಟ, ಎಂದು ಬರೆದೆ. ಜಾಗ ಸಾಲದೆ ಅಂಚಿನ ಮೇಲೂ ಬರೆದೆ. ಅಳತೆ ತೆಗೆಯುವುದೇ ನನ್ನ ಕಸುಬು. ಸೊಂಟ ಮೂವತ್ತಾರಿದ್ದವರಿಗೆ ಮೂವತ್ತೆರಡು ಎಂದು ಬರೆದರೆ ಪ್ಯಾಂಟು ಏರುತ್ತದೆಯೇ?

ಮರ್ಯಾದೆಯ ಮಾತು ನನ್ನ ಮುಂದೆ ಆಡಬೇಡಿ. ಅದನ್ನು ಇಷ್ಟು ವರ್ಷ ಕಾಪಾಡಿದವಳು ನಾನು. ನಿಮ್ಮ ಲಿಫ್ಟ್ ಕಂಪನಿಗೆ ಫೋನು ಮಾಡಿ ಜ್ವರ ಎಂದೆ, ಭೇದಿ ಎಂದೆ, ಕಣ್ಣು ಬಂದಿದೆ ಎಂದೆ. ನಿಮ್ಮ ಚಿಕ್ಕಪ್ಪನನ್ನು ಎರಡು ಸಲ ಸಾಯಿಸಿದೆ. ಪಾಪ, ಅವರು ಈಗಲೂ ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ಎರಡನೇ ಸಲ ಸತ್ತಾಗ ನಿಮ್ಮ ಸೂಪರ್‌ವೈಸರ್ "ಇನ್ನೂ ಎಷ್ಟು ಜನ ಚಿಕ್ಕಪ್ಪಂದಿರು ಉಳಿದಿದಾರಮ್ಮಾ?" ಎಂದು ಕೇಳಿದರು. ನಾನು ಅಳುತ್ತಾ "ಇವರೇ ಕೊನೆಯವರು ಸಾರ್" ಎಂದೆ. ಅಳು ನಿಜವಾದದ್ದೇ ಆಗಿತ್ತು. ಇಂಥವಳನ್ನು ಮರ್ಯಾದೆ ಕಳೆದವಳು ಎನ್ನಲು ನಿಮಗೆ ನಾಲಗೆಯಾದರೂ ಹೇಗೆ ಹೊರಳಿತು?

ಗುರುವಾರ ನೀವು ಏಣಿಯಿಂದ ಬಿದ್ದಿರಿ. ತೊಡೆ ಮೂಳೆ ಮುರಿಯಿತು. ತಪಾಸಣೆಗೆ ದೊಡ್ಡ ಎಂಜಿನಿಯರ್ ಬರುತ್ತಾರೆಂದು ಅವತ್ತೊಂದು ದಿನ ಬೆಳಿಗ್ಗೆ ಕುಡಿಯದೆ ಹೋಗಿದ್ದಿರಿ. ಈಗ ಅದನ್ನೇ ಹಿಡಿದುಕೊಂಡು ವಾರ್ಡಿಗೆಲ್ಲ ಸಾರುತ್ತಿದ್ದೀರಿ. "ಕುಡಿದಾಗ ಒಂದು ದಿನಾನೂ ಬೀಳಲಿಲ್ಲ, ಕುಡೀದೇ ಇದ್ದಾಗ ಬಿದ್ದೆ" ಅಂತೆ. ಪಕ್ಕದ ಮಂಚದವರು ಚಪ್ಪಾಳೆ ತಟ್ಟಿದರಂತೆ. ಅರಿವಳಿಕೆ ಕೊಡುವ ಡಾಕ್ಟರಮ್ಮನಿಗೆ ನಾನು ಈ ಮಾತು ಹೇಳಿದೆ. ಅವರು ನಗಲಿಲ್ಲ. ಕುಡಿಯದ ದಿನವೇ ಬೀಳುವುದು ಕಾಯಿಲೆಯ ಗುರುತೇ ಎಂದರು.

ಅವರು ವಿವರಿಸಿದ್ದನ್ನು ನಿಮ್ಮ ಕಸುಬಿನ ಮಾತಿನಲ್ಲೇ ಹೇಳುತ್ತೇನೆ. ಲಿಫ್ಟಿನ ಡಬ್ಬಿಗೆ ಸರಿದೂಗುವಂತೆ ಹಗ್ಗದ ಇನ್ನೊಂದು ತುದಿಗೆ ಭಾರ ಕಟ್ಟಿರುತ್ತೀರಲ್ಲ, ಹಾಗೆ ನಿಮ್ಮ ಮೈ ಹನ್ನೊಂದು ವರ್ಷದಿಂದ ಕುಡಿತಕ್ಕೆ ಸರಿದೂಗುವಷ್ಟು ಭಾರ ಕಟ್ಟಿಕೊಂಡು ಕೂತಿದೆ. ಕುಡಿತವನ್ನು ಒಂದೇ ಏಟಿಗೆ ಕತ್ತರಿಸಿದರೆ ಆ ಭಾರ ಧಡ್ಡನೆ ಬೀಳುತ್ತದೆ. ಮೊದಲು ಕೈ ನಡುಗುತ್ತದೆ. ಆಮೇಲೆ ಬೆವರು, ಫಿಟ್ಸು, ತಲೆ ಕೆಡುವುದು. ಜೀವವೂ ಹೋಗಬಹುದು. ಸಿಸ್ಟರ್ ಕೊಡುವ ಆ ಮಾತ್ರೆ ಇರುವುದು ಭಾರವನ್ನು ಮೆಲ್ಲಗೆ ಇಳಿಸುವುದಕ್ಕೆ. ಶುಕ್ರವಾರ ಆಗಬೇಕಿದ್ದ ಆಪರೇಷನ್ನನ್ನು ಈ ಬುಧವಾರಕ್ಕೆ ಮುಂದೆ ಹಾಕಿದ್ದೂ ಅದಕ್ಕೇ. ನಿಮ್ಮ ಕಡು ಹಳದಿ ಮೂತ್ರ, ಊದಿದ ಲಿವರ್ರು, ಗಾಯವಾದರೆ ಬೇಗ ನಿಲ್ಲದ ರಕ್ತ, ಎಲ್ಲವನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಂತೆ. ನಿದ್ದೆಯ ಮದ್ದು ಎಷ್ಟು ಕೊಡಬೇಕೆಂಬುದೂ ಅದರ ಮೇಲೇ ನಿಂತಿದೆಯಂತೆ.

ಶನಿವಾರ ಸಂಜೆ ನೀವು ನೀರಿನ ಲೋಟವನ್ನು ಒಂದೇ ಕೈಯಲ್ಲಿ ಎತ್ತಿ ಕುಡಿದಿರಿ. ಒಂದು ಹನಿಯೂ ಚೆಲ್ಲಲಿಲ್ಲ. ನೀವು ಗಮನಿಸಲಿಲ್ಲ, ನನ್ನನ್ನು ಬಾಯಿಬಡುಕಿ ಎಂದು ಬೈಯುವುದರಲ್ಲಿ ಮುಳುಗಿದ್ದಿರಿ. ನಾನು ಬೈಗುಳ ಕೇಳಿಸಿಕೊಳ್ಳಲಿಲ್ಲ, ಲೋಟ ನೋಡುತ್ತಿದ್ದೆ. ಎಷ್ಟು ವರ್ಷವಾಗಿತ್ತು ರೀ, ನೀವು ಹಾಗೆ ನೀರು ಕುಡಿದು! ಹೊರಗೆ ಬಂದು ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತು ಅತ್ತುಬಿಟ್ಟೆ.

ಇವತ್ತು ಬೆಳಿಗ್ಗೆ ನೋಡಿದರೆ ಲೋಟ ಹಲ್ಲಿಗೆ ತಾಗಿ ಟಕಟಕ ಎನ್ನುತ್ತಿತ್ತು. ಏಕೆಂದು ತಿಳಿಯಲಿಲ್ಲ. ನೀವು ಮಂಪರಿನಲ್ಲಿದ್ದಾಗ ಕನ್ನಡಕ ಒರೆಸೋಣವೆಂದು ಡಬ್ಬಿ ತೆರೆದೆ. ಮೂರು ಮಾತ್ರೆ. ನಾಲಗೆಯ ಕೆಳಗಿಟ್ಟುಕೊಂಡು ಆಮೇಲೆ ಉಗುಳಿದ್ದು, ಒಂದಂತೂ ಅರ್ಧ ಕರಗಿತ್ತು. ಮಾತ್ರೆ ಇಲ್ಲದೆಯೂ ಏನೂ ಆಗುವುದಿಲ್ಲ, ನಾನೇನು ಕುಡುಕನಲ್ಲ, ಹೆಂಡತಿ ಹೇಳಿದ್ದು ಸುಳ್ಳು ಎಂದು ತೋರಿಸುವುದಕ್ಕೆ ತಾನೇ? ಎಂಥ ಹಟ ರೀ ನಿಮ್ಮದು! ನನ್ನನ್ನು ಸುಳ್ಳಿ ಮಾಡಲು ಹೋಗಿ ಪ್ರಾಣ ಕಳೆದುಕೊಂಡರೆ ಗೆದ್ದೆನೆಂದು ಯಾರಿಗೆ ಹೇಳುತ್ತೀರಿ?

ಮೂರನ್ನೂ ಸಿಸ್ಟರಿಗೆ ಕೊಟ್ಟೆ. ಹೌದು, ಮತ್ತೆ ಚಾಡಿ ಹೇಳಿದೆ. ಇನ್ನು ಮೇಲೆ ಅವರು ನಿಮ್ಮ ಬಾಯಿ ತೆರೆಸಿ, ನಾಲಗೆ ಎತ್ತಿಸಿ ನೋಡುತ್ತಾರೆ. ಬೇಕಾದರೆ ಇನ್ನೊಂದು ಸಲ ಬಾಯಿಬಡುಕಿ ಎನ್ನಿ.

ಎರಡು ವರ್ಷದ ಹಿಂದೆ ಪಿತ್ತಕೋಶದ ಕಲ್ಲು ತೆಗೆಸಲು ನೀವು ಇದೇ ಆಸ್ಪತ್ರೆಯಲ್ಲಿದ್ದಿರಿ. ಅದರಲ್ಲಿ ಐದು ದಿನ ನಿಮಗೆ ನೆನಪೇ ಇಲ್ಲ. ಜ್ವರ ನೆತ್ತಿಗೇರಿತ್ತು ಎಂದು ನಾನು ಹೇಳಿದ್ದೆ, ನೀವು ನಂಬಿದಿರಿ. ಜ್ವರವಲ್ಲ. ಆಗಲೂ ಇದೇ ಫಾರಂ ಕೊಟ್ಟಿದ್ದರು. ಅತ್ತಿಗೆ ಪಕ್ಕದಲ್ಲೇ ನಿಂತು "ಇಲ್ಲ ಅಂತ ಬರಿ" ಎಂದರು, ಬರೆದೆ. ಆಪರೇಷನ್ ಆದ ಮೂರನೇ ದಿನ ನೀವು ಹಾಸಿಗೆಯ ಮೇಲೆ ಇಲ್ಲದ ಇರುವೆಗಳನ್ನು ಕೊಡವತೊಡಗಿದಿರಿ. ಸಲೈನ್ ನಳಿಗೆ ಕಿತ್ತು ಹಾಕಿದಿರಿ. ಲಿಫ್ಟ್ ಕೆಳಗೆ ಬರುತ್ತಿದೆ, ಗುಂಡಿಯಲ್ಲಿ ಹುಡುಗರಿದ್ದಾರೆ, ಕರೆಂಟು ತೆಗೆಯಿರಿ ಎಂದು ಕೂಗಿದಿರಿ. ನಾಲ್ಕು ಜನ ಹಿಡಿದುಕೊಂಡರೂ ಬಗ್ಗಲಿಲ್ಲ. ನನ್ನ ಮುಖ ನೋಡಿ "ಯಾರಮ್ಮ ನೀವು, ದೂರ ಹೋಗಿ" ಎಂದಿರಿ. ಡಾಕ್ಟರುಗಳು ಕೀವು ಆಗಿದೆಯೇ ಎಂದು ರಕ್ತ ನೋಡಿದರು, ತಲೆಯ ಸ್ಕ್ಯಾನ್ ಮಾಡಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಎರಡು ದಿನ ಕಳೆದ ಮೇಲೆ ನೆಲ ಒರೆಸುವ ಆಯಾ ನಿಮ್ಮನ್ನು ನೋಡಿ, "ಇದು ಕುಡಿಯೋದು ನಿಂತಿದ್ದಕ್ಕೆ ಬಂದಿರೋದು, ನಮ್ಮನೆಯಲ್ಲೂ ನೋಡಿದೀನಿ" ಎಂದು ಡಾಕ್ಟರಿಗೆ ಹೇಳಿದಳು. ಸರಿಯಾದ ಮದ್ದು ಬಿದ್ದದ್ದು ಆಗ. ಇನ್ನೊಂದು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲವಂತೆ.

ನೀವು ಎದ್ದು ಕೂತವರೇ ಮಣಿಕಟ್ಟಿನ ಮೇಲೆ ಇದೇನು ಗೆರೆ ಎಂದು ಕೇಳಿದಿರಿ. ಪ್ಲಾಸ್ಟರಿನ ಅಂಟಿಗೆ ಅಲರ್ಜಿಯಾಗಿದೆ ಎಂದೆ. ಇವತ್ತಿಗೂ ಅದನ್ನು ಸಿಸ್ಟರುಗಳಿಗೆ ತೋರಿಸಿ "ನಿಮ್ಮ ಕೈಗುಣ ಸರಿಯಿಲ್ಲ" ಎನ್ನುತ್ತೀರಿ. ಆಸ್ಪತ್ರೆಯಿಂದ ಬಂದ ಹದಿನೈದನೇ ದಿನಕ್ಕೆ ಮತ್ತೆ ಬಾಟಲಿ ತಂದಿರಿ. ಸುಮ್ಮನೆ ಜ್ವರ ಬಂದು ಹೋಗಿದ್ದಕ್ಕೆ ಯಾರು ತಾನೇ ಕುಡಿತ ಬಿಡುತ್ತಾರೆ?

ಕೆಲಸದ ಭಯ ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡಿ. ಈ ಕಾಗದಪತ್ರ ಕಂಪನಿಯವರ ಕೈಗೆ ಸಿಕ್ಕರೆ ನಿಮ್ಮನ್ನು ಮತ್ತೆ ಲಿಫ್ಟ್ ಗುಂಡಿಗೆ ಇಳಿಸಲಿಕ್ಕಿಲ್ಲ. ಹೋದರೆ ಹೋಗಲಿ. ನಡುಗುವ ಕೈಯಲ್ಲಿ ನೀವು ಬಿಗಿದ ನಟ್ಟನ್ನು ನಂಬಿ ಮೇಲೆ ಹೋಗುವವರೂ ಮನುಷ್ಯರೇ. ಕೆಳಗೆ ಸ್ಪೇರ್ ಪಾರ್ಟ್ ಕೊಡುವ ಕಿಟಕಿಯಲ್ಲಿ ಕೂರಿಸಿದರೆ ಕೂತುಕೊಳ್ಳಿ. ಆ ಕೆಲಸವನ್ನು ಹೆಂಗಸರಂತೆ ಕೂತು ಮಾಡುವ ಕೆಲಸ ಎಂದು ಹಿಂದೊಮ್ಮೆ ಹೀಗಳೆದಿದ್ದಿರಿ. ನಾನು ಇಪ್ಪತ್ತು ವರ್ಷದಿಂದ ನಿಂತೇ ಕೆಲಸ ಮಾಡುತ್ತಿದ್ದೇನೆ, ಅದೂ ನೆನಪಿರಲಿ.

ನಾಳೆ ಹತ್ತು ಗಂಟೆಗೆ ಡಾಕ್ಟರಮ್ಮ ಬಂದು ನಿಮ್ಮನ್ನೇ ಕೇಳುತ್ತಾರೆ. ಎಷ್ಟು, ಯಾವಾಗಿನಿಂದ ಎಂದು. ನೀವು "ಯಾವಾಗಲೋ ಒಂದು" ಎಂದು ಹಲ್ಲು ಕಿರಿದರೆ ನಾನು ಮಂಚದ ಈಚೆ ನಿಂತು ಕ್ವಾರ್ಟರ್ ಲೆಕ್ಕದಲ್ಲಿ ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಅರ್ಧ ದಿನ ರಜೆ ಹಾಕಿದ್ದೇನೆ. ಯಾವ ಚಿಕ್ಕಪ್ಪನನ್ನೂ ಸಾಯಿಸಲಿಲ್ಲ. ಗಂಡನಿಗೆ ಕುಡಿತದ ಕಾಯಿಲೆ, ಡಾಕ್ಟರ ಹತ್ತಿರ ಮಾತಾಡಬೇಕು ಎಂದೇ ಚೀಟಿಯಲ್ಲಿ ಬರೆದುಕೊಟ್ಟೆ. ನಮ್ಮ ಕಟಿಂಗ್ ಮಾಸ್ಟರ್ ಓದಿ, ಏನೂ ಕೇಳದೆ ಸಹಿ ಹಾಕಿದರು. ಭೂಮಿಯೇನೂ ಬಾಯಿ ಬಿಡಲಿಲ್ಲ.

ಆದರೂ ಆ ಮಾತು ನಿಮ್ಮ ಬಾಯಿಂದಲೇ ಬರಲಿ ಎಂದು ನನಗೆ ಆಸೆ. ಇಷ್ಟು ವರ್ಷ ನಿಮ್ಮ ಪರವಾಗಿ ನಾನೇ ಮಾತಾಡಿದ್ದಾಯಿತು. ಒಂದು ಸಲ ನೀವು ಮಾತಾಡಿ. ನಿಮ್ಮ ಸಿಟ್ಟು ನನಗೆ ಬೇಕು. ಈ ಸಲ ನಾನು ಯಾರೆಂದು ಗೊತ್ತಿದ್ದು ಬೈಯುತ್ತಿದ್ದೀರಿ, ಅಷ್ಟು ಸಾಕು.

ಬಿಡುವಿನ ಗಂಟೆ ಹೊಡೆಯಿತು. ಐದಕ್ಕೆ ಬಂದು ಇದನ್ನು ಡಬ್ಬಿಯಲ್ಲಿಡುತ್ತೇನೆ. ಹೊದಿಕೆ ಎಳೆದುಕೊಂಡರೂ ಕೂತಿರುತ್ತೇನೆ.

ಇಂತಿ,
ಶನಿವಾರ ನೀವೇ ಹೆಸರಿಟ್ಟ
ಬಾಯಿಬಡುಕಿ

ತಾ.ಕ.: ಕಳೆದ ಸಲ ನನ್ನನ್ನು ಯಾರೂ ಏನೂ ಕೇಳಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಅದು ಸುಳ್ಳು. ಅದನ್ನು ಹೊಡೆದು ಹಾಕದೆ ಹಾಗೇ ಬಿಟ್ಟಿದ್ದೇನೆ, ನೋಡಿ. ನಿಮಗೆ ತಲೆ ಕೆಟ್ಟ ಮೊದಲ ದಿನವೇ ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು, "ನಿಜ ಹೇಳಮ್ಮ, ಇವರು ಕುಡೀತಾರಾ?" ಎಂದು ಕೇಳಿದರು. ಅತ್ತಿಗೆ ಅಲ್ಲಿರಲಿಲ್ಲ. ಯಾರೂ ಇರಲಿಲ್ಲ. ಬಾಗಿಲಿನ ಗಾಜಿನಾಚೆ ನಿಮ್ಮ ಬಲಗೈಯನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಸರಳಿಗೆ ಬಿಗಿಯುತ್ತಿದ್ದರು, ನೀವು ಎಳೆದಾಡುತ್ತಿದ್ದಿರಿ. ನಾನು ಅದನ್ನು ನೋಡುತ್ತಲೇ "ಇಲ್ಲ ಸಾರ್, ಮುಟ್ಟೋದೂ ಇಲ್ಲ" ಎಂದೆ. ಆಮೇಲೆ ಎರಡು ದಿನ ನಿಮ್ಮ ಕೈ ಬಿಚ್ಚಲಿಲ್ಲ. ಮಣಿಕಟ್ಟಿನ ಮೇಲಿರುವುದು ಆ ಕಟ್ಟಿನ ಗೆರೆ.