ಕೆಂಪು ಮುಚ್ಚಳದ ನಾಲ್ಕನೇ ಕೊಳವೆ

ಅಪ್ಪಯ್ಯಾ,

ಹೆದರಿಕೆಯಾದಾಗ ನೀವು ಯಾರಿಗೆ ಹೇಳುತ್ತಿದ್ದಿರಿ? ನನಗೆ ಕೆಲವು ತಿಂಗಳಿಂದ ಹೆದರಿಕೆ. ಅಮ್ಮನಿಗೆ ಹೇಳಿದರೆ ಅವಳೂ ನಿದ್ದೆ ಬಿಡುತ್ತಾಳೆ. ತಮ್ಮನಿಗೆ ಹೇಳಿದರೆ ಗುಜರಾತಿಯಲ್ಲಿ ಸಮಾಧಾನ ಮಾಡುತ್ತಾನೆ, ಅದು ನನಗೆ ನಾಟುವುದಿಲ್ಲ. ನೀವು ಪ್ರತಿ ಭಾನುವಾರ ಕಿವಿ ಹಿಡಿದು ಕೂರಿಸಿ ಊರಿನ ಅಜ್ಜಿಗೆ ಕಾಗದ ಬರೆಸುತ್ತಿದ್ದಿರಲ್ಲ, ಆ ಅಭ್ಯಾಸ ಈಗ ನಿಮಗೇ ಬರೆಯಲು ಉಪಯೋಗಕ್ಕೆ ಬಂತು.

ನೀವು ಹೋಗಿ ಹದಿನೈದು ದಿನವಾದ ಮೇಲೆ ಅಮ್ಮ ಅಡಾಜಣ್‌ನ ನಮ್ಮ ಹೋಟೆಲಿನ ಅಡುಗೆಮನೆ ಒರೆಸಲು ನಿಂತಳು. ಉದ್ದಿನಬೇಳೆ ಡಬ್ಬಿಯ ಅಡಿಯಲ್ಲಿ ಮಡಚಿಟ್ಟ ಇಸಿಜಿ ಕಾಗದ ಸಿಕ್ಕಿತು. ನೀವು ತೀರಿಕೊಳ್ಳುವುದಕ್ಕೆ ಹನ್ನೊಂದು ದಿನ ಮೊದಲಿನದು. ಆ ಹನ್ನೊಂದೂ ದಿನ ನೀವು ಎದೆ ನೀವಿಕೊಳ್ಳುತ್ತಾ "ಗ್ಯಾಸ್ ಮಾರಾಯ್ತಿ, ಎಂತದೂ ಇಲ್ಲೆ" ಎಂದು ಸೋಡಾ ಕುಡಿದಿರಿ. ನಮ್ಮನ್ನು ಹೆದರಿಸಬಾರದು ಎಂದುಕೊಂಡಿರಾ? ಅಥವಾ ಬಾಯಿಬಿಟ್ಟರೆ ನಿಜವಾಗಿಬಿಡುತ್ತದೆ ಎಂದು ನಿಮಗೇ... ನನಗೆ ನಿಮ್ಮ ಮೇಲೆ ತುಂಬಾ ಸಿಟ್ಟಿದೆ ಅಪ್ಪಯ್ಯ. ಸತ್ತವರ ಮೇಲೆ ಸಿಟ್ಟು ಮಾಡಬಾರದಂತೆ, ಆದರೂ ಇದೆ.

ನನ್ನ ಸಂಶೋಧನೆ ಏನೆಂದು ನಿಮಗೆ ಮೊದಲ ಸಲ ಹೇಳಿದ ಸಂಜೆ ನೆನಪಿದೆಯೇ? "ಮೀನಲ್ಲ, ಚಿಪ್ಪಲ್ಲ, ಬರೀ ಕೆಸರು ತಪ್ಪುಕೆ ಹಜೀರಾದ ಕಡಲಿಗೆ ಹೋಪುದಾ?" ಎಂದು, ಕೆಸರು ತರಲು ಅಷ್ಟು ದೂರವೇ ಎಂದು ನಕ್ಕಿದ್ದಿರಿ. ತಾಪಿ ನದಿ ಎಲೆ, ಬೇರು, ಸೆಗಣಿ, ಮಣ್ಣು ಎಲ್ಲವನ್ನೂ ಹೊತ್ತು ತಂದು ಅಳಿವೆಯಾಚೆ ಕಡಲ ತಳಕ್ಕೆ ಸುರಿಯುತ್ತದೆ, ಅದರ ಇಂಗಾಲ ಕೆಸರಿನಡಿ ಹೂತುಹೋದರೆ ಸಾವಿರಾರು ವರ್ಷ ಅಲ್ಲೇ ಇರುತ್ತದೆ ಎಂದು ವಿವರಿಸಿದೆ. ಹೂಳದೆ ಉಳಿದದ್ದನ್ನು ಕಣ್ಣಿಗೆ ಕಾಣದ ಜೀವಾಣುಗಳು ತಿಂದು, ಗಾಳಿಯಾಗಿ ಮತ್ತೆ ಮೇಲಕ್ಕೆ ಬಿಡುತ್ತವೆ. ಭೂಮಿಯ ಕಾವು ಹೀಗೆ ಏರುತ್ತಿರುವಾಗ ಆ ಕೆಸರು ಒಂದಿಷ್ಟನ್ನಾದರೂ ಹಿಡಿದಿಟ್ಟುಕೊಂಡಿದೆ ಎಂಬುದು ನಮ್ಮ ಧೈರ್ಯ. ಆದರೆ ಇಲ್ಲಿಯ ಉಬ್ಬರ ನಮ್ಮೂರಿನದರಂತಲ್ಲ, ಮೂರಾಳೆತ್ತರ ಏರುತ್ತದೆ, ತಳವನ್ನೇ ಕೆದಕುತ್ತದೆ. ಕೆದಕಿದಾಗ ಹೂತಿದ್ದು ಏನಾಗುತ್ತದೆ ಎಂಬುದೇ ನನ್ನ ಪ್ರಶ್ನೆ ಎಂದೆ. ನೀವು ರುಬ್ಬಿಟ್ಟ ಇಡ್ಲಿ ಹಿಟ್ಟಿನ ಪಾತ್ರೆ ನೋಡುತ್ತಾ, "ಹಾಂಗಾರೆ ಕಲಕ್ರೆ ಮತ್ತೆ ಹುಳಿ ಬತ್ತ್, ಅಲ್ದಾ?" ಎಂದಿರಿ. ನನ್ನ ಸಂಶೋಧನೆಗೆ ಮಾರ್ಗದರ್ಶಕಿಯಾದ ಮೇಡಂಗೆ ಇದನ್ನು ಒಪ್ಪಿಸಲು ನಾನು ಆರು ತಿಂಗಳು ತೆಗೆದುಕೊಂಡಿದ್ದೆ.

ನೀವು ಹೋಗಿ ಎರಡು ತಿಂಗಳಿಗೆ ನಾನು ಮತ್ತೆ ದೋಣಿ ಹತ್ತಿದೆ. ಇಳಿತದಲ್ಲಿ ನೀರು ಸರಿದು ಬಯಲಾದ ಕೆಸರಿಗೆ ಇಳಿದು, ಒಂದು ಮಾರುದ್ದದ ಕೊಳವೆಯನ್ನು ನೆಟ್ಟಗೆ ಒತ್ತಿ, ಕೆಸರಿನ ಸಮೇತ ಎಳೆದು ತರುವುದು ನಮ್ಮ ಕೆಲಸ. ಒಂದೇ ಒಂದು ಕಟ್ಟುನಿಟ್ಟು: ಕೊಳವೆ ಕೆಸರಿನಲ್ಲಿ ನಿಂತಿರುವಾಗಲೇ ಮೇಲಿನ ತುದಿಗೆ ಕೆಂಪು ಮುಚ್ಚಳ ಬೀಳಬೇಕು, ಎಳೆದ ಕೂಡಲೇ ಅಡಿಗೆ ಕಪ್ಪು. ಕೆಸರಿಗೆ ಮುಖ ಬೆನ್ನು ಇಲ್ಲ, ಎರಡೂ ಕಡೆ ಒಂದೇ ಬೂದು ಬಣ್ಣ. ಮೂರು ಕೊಳವೆ ಸರಿಯಾಗಿ ಆದವು. ನಾಲ್ಕನೆಯದು ಎಲ್ಲಕ್ಕಿಂತ ದೂರದ್ದು. ನಾನು ಮೊಣಕಾಲವರೆಗೆ ಹೂತು ನಿಂತಿದ್ದೆ. ದೋಣಿ ನಡೆಸುವ ಠಾಕೋರ್‌ಭಾಯಿ ಒಂದೇ ಸಮನೆ, "ಬೆನ್, ಚಾಲೋ. ಪಾಣೀ ಆವ್ಯುಂ" ಎಂದು, ನೀರು ಬಂತು ನಡಿಯಕ್ಕಾ ಎಂದು ಕೂಗುತ್ತಿದ್ದರು. ತಿರುಗಿ ನೋಡಿದರೆ ನೀರು ಸದ್ದಿಲ್ಲದೆ ಬಂದುಬಿಟ್ಟಿತ್ತು. ಕಾಲು ಕೀಳಲು ಆಗಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ಮುಚ್ಚಳದ ಚೀಲ ನೀರಿನಲ್ಲಿ ತೇಲಿಹೋಯಿತು. ಕೊಳವೆಯನ್ನು ಅಂಗೈಯಲ್ಲಿ ಮುಚ್ಚಿ ಕಿತ್ತೆ, ಠಾಕೋರ್‌ಭಾಯಿ ನನ್ನನ್ನು ರಟ್ಟೆ ಹಿಡಿದು ಕಿತ್ತರು.

ದಡಕ್ಕೆ ಬಂದು ಕೊಳವೆ ಎತ್ತಿ ನೋಡಿದೆ. ದೋಣಿಯ ತಳದಲ್ಲಿ ಉರುಳಾಡಿದ ಕೊಳವೆಯ ಎರಡೂ ತುದಿ ರಾಡಿಯಾಗಿದ್ದವು. ಯಾವುದು ಮೇಲಿನದು? ಬಾಯಿ ತೆರೆದು ಹೇಳಬೇಕಿತ್ತು. ಗಾಡಿಯಲ್ಲಿದ್ದ ಇನ್ನೊಂದು ಕೆಂಪು ಮುಚ್ಚಳ ತೆಗೆದು, ಇದೇ ಇರಬೇಕು ಎನಿಸಿದ ತುದಿಗೆ ಹಾಕಿ, ಸುಮ್ಮನೆ ವಡೋದರಾದ ಪ್ರಯೋಗಾಲಯಕ್ಕೆ ಹೋದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪರೀಕ್ಷೆಯ ಫಲಿತಾಂಶ ಬಂದ ದಿನ ಮೇಡಂ ಕುರ್ಚಿಯಿಂದ ಎದ್ದು ನಿಂತರು. ನಾಲ್ಕನೇ ಕೊಳವೆಯಲ್ಲಿ ಎಲ್ಲ ತಲೆಕೆಳಗು: ಸಾವಿರಾರು ವರ್ಷ ಹಳೆಯ ಇಂಗಾಲ ಮೇಲೆ, ಮೊನ್ನೆಯ ಎಲೆಕಸದ್ದು ಕೆಳಗೆ. ಮೇಲಿನ ಕೆಸರನ್ನು ಬಾಟಲಿಯಲ್ಲಿ ಮುಚ್ಚಿಟ್ಟಾಗ ಹೊರಟ ಗಾಳಿಯೂ ಆ ಹಳೆಯ ಇಂಗಾಲದ್ದೇ. ಅಂದರೆ ಉಬ್ಬರ ಹೂತದ್ದನ್ನು ಅಗೆದು ಮೇಲೆ ಹಾಕುತ್ತಿದೆ, ಜೀವಾಣುಗಳು ಅದನ್ನೂ ತಿನ್ನುತ್ತಿವೆ. "ಇದನ್ನು ಅಹಮದಾಬಾದಿನ ಸಭೆಯಲ್ಲಿ ನೀನೇ ಹೇಳಬೇಕು" ಎಂದರು. ಎಲ್ಲ ತಲೆಕೆಳಗು ಯಾಕಿರಬಹುದು ಎಂದು ನನಗಲ್ಲವೇ ಗೊತ್ತಿದ್ದದ್ದು? ಮುಚ್ಚಳ ತಪ್ಪಿದ್ದರೆ ಮೇಲಿನದೆಂದುಕೊಂಡದ್ದು ಆಳದ ಕೆಸರು, ಅದಕ್ಕೆ ಗಾಳಿ ಸೋಕಿಸಿ ಜೀವಾಣು ತಿನ್ನುವಂತೆ ಮಾಡಿದ್ದು ನಾನೇ.

ಮೂರು ವಾರ ಬಚ್ಚಿಟ್ಟೆ. ಕನ್ನಡಿಯ ಮುಂದೆ ಭಾಷಣದ ಅಭ್ಯಾಸ ಕೂಡ ಮಾಡಿದೆ, ನಂಬುತ್ತೀರಾ? ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಗೆಳತಿ "ಯಾಕೆ ಸಪ್ಪಗಿದ್ದೀ" ಎಂದು ಕೇಳಿದಳು. "ಏನಿಲ್ಲ, ಗ್ಯಾಸ್" ಎಂದುಬಿಟ್ಟೆ. ಹಾಗೆಂದದ್ದು ನಾನೋ ನೀವೋ ಎನಿಸಿತು. ಊಟ ಬಿಟ್ಟು ಎದ್ದು ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದೆ.

"ಯಾವ ತುದಿ ಮೇಲಿನದು ಅಂತ ಗೊತ್ತಿರಲಿಲ್ಲವಾ?" ಎಂದು ಕೇಳಿದರು.

"ಇಲ್ಲ ಮೇಡಂ. ಊಹಿಸಿ ಹಾಕಿದೆ."

"ಇಷ್ಟು ದಿನ ಯಾಕೆ ಸುಮ್ಮನಿದ್ದೆ?"

"ಹೆದರಿದ್ದೆ."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ನನ್ನೆದುರೇ ಅಹಮದಾಬಾದಿಗೆ ಫೋನ್ ಮಾಡಿ ನಮ್ಮ ಪ್ರಬಂಧ ಹಿಂತೆಗೆದುಕೊಂಡರು. ಆಮೇಲೆ, "ಅದೇ ಜಾಗಕ್ಕೆ ಹೋಗೋಣ. ನಾನೂ ಬರುತ್ತೇನೆ" ಎಂದರು.

ಎರಡನೇ ಸಲ ಕೆಸರಿಗೆ ಇಳಿಯುವಾಗ ಠಾಕೋರ್‌ಭಾಯಿ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ತಾವು ಹಿಡಿದರು. ಮುಚ್ಚಳಗಳನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದೆ. ನಿಮ್ಮ ಬೂದಿಯನ್ನು ಇದೇ ತಾಪಿಯಲ್ಲಿ ಬಿಟ್ಟಿದ್ದೆವು. ಬೂದಿಯಲ್ಲಿ ಜೀವಾಣು ತಿನ್ನುವಂಥದ್ದು ಏನೂ ಉಳಿದಿರುವುದಿಲ್ಲ ಎಂದು ಓದಿ ಬಲ್ಲೆ, ಆದರೂ ಕಾಲಿಡುವಾಗ ಒಂದು ಕ್ಷಣ ನಿಂತೆ. ಅಲ್ಲೇ ಹತ್ತಿರ ಹತ್ತಿರ ಮೂರು ಕೊಳವೆ ತೆಗೆದೆವು. ಪ್ರತಿಯೊಂದಕ್ಕೂ ಕೆಂಪು ಮುಚ್ಚಳ ಬಿಗಿದದ್ದನ್ನು ಮೇಡಂ ದೋಣಿಯಿಂದ ನೋಡಿ ಬರೆದುಕೊಂಡರು.

ನಿನ್ನೆ ಫಲಿತಾಂಶ ಬಂತು ಅಪ್ಪಯ್ಯ. ಮೂರರಲ್ಲೂ ಹಳೆಯದೇ ಮೇಲೆ. ಬಾಟಲಿಗಳಲ್ಲೂ ಅದೇ. ನಮಗೆ ಧೈರ್ಯ ಕೊಟ್ಟಿದ್ದ ಕೆಸರು ಹಿಡಿದಿಟ್ಟದ್ದನ್ನು ಬಿಡುತ್ತಿರುವುದು ನಿಜ. ನನ್ನ ಊಹೆ ಸರಿಯಾಗಿತ್ತು, ಮುಚ್ಚಳ ಸರಿಯಾದ ತುದಿಗೇ ಬಿದ್ದಿತ್ತು. ಮೇಡಂ ನನ್ನ ಬೆನ್ನು ತಟ್ಟಿದರು, ಯಾರೋ ತಿನ್ನಲು ಖಮಣ್ ತರಿಸಿದರು, ಎಲ್ಲರೂ ನಕ್ಕರು. ನಾನು ನನ್ನ ತಟ್ಟೆಯನ್ನು ಪಕ್ಕಕ್ಕಿಟ್ಟೆ. ಫಲಿತಾಂಶಕ್ಕೆ ಕಾದಷ್ಟು ದಿನವೂ ನಾನು ಊರಿನ ಗಣಪತಿಗೆ ಹರಕೆ ಹೊತ್ತು ಕೇಳಿಕೊಂಡದ್ದು ಬೇರೆ. ತಪ್ಪು ನನ್ನದೇ ಆಗಿರಲಿ ಎಂದು. ನನ್ನದಾಗಿದ್ದರೆ ಮುಚ್ಚಳ ತಿರುಗಿಸಿ ಹಾಕಿದರೆ ಮುಗಿಯುತ್ತಿತ್ತು.