ಮಾವ ಬದಿಗಿಡುತ್ತಿದ್ದ ಕಡಲೆಬೀಜ

ಸೊಸೆಯಮ್ಮಾ,

ಕಡಲೆಬೀಜದ ಡಬ್ಬ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದೇನೆ. ಕಪಾಟು ಅರ್ಧ ಒರೆಸಿದ್ದೇನೆ, ಉಳಿದದ್ದು ನೀನು ಮುಗಿಸು. ಒರೆಸಿದ ಬಟ್ಟೆಯನ್ನು ಎಸೆದುಬಿಡು, ಮರೆತು ಪುಟ್ಟಿಯ ಬಾಯಿ ಒರೆಸೀಯೆ.

ಮೊನ್ನೆ ಕಡಲೆಬೀಜ ತಿಂದು ಪುಟ್ಟಿಯ ತುಟಿ ಊದಿಕೊಂಡಾಗ ಡಾಕ್ಟರಮ್ಮ, "ಮನೇಲಿ ಯಾರಿಗಾದ್ರೂ ಹೀಗಾಗ್ತಿತ್ತಾ?" ಎಂದು ಕೇಳಿದರು. "ನಮ್ಮ ಕಡೆ ಯಾರಿಗೂ ಇಲ್ಲಪ್ಪ" ಎಂದುಬಿಟ್ಟೆ. ನೀನು ತಲೆ ತಗ್ಗಿಸಿದೆ. ಇವತ್ತು ಡಬ್ಬ ಉಜ್ಜುವಾಗ ನಿನ್ನ ಮಾವ ನೆನಪಾದರು. ಕಡಲೆಬೀಜವನ್ನು ಹೆಕ್ಕಿ ಹೆಕ್ಕಿ ತಟ್ಟೆಯ ಅಂಚಿಗೆ ಇಡುತ್ತಿದ್ದರು. "ಗಂಟಲು ಕೆರೆಯುತ್ತೆ ಕಣೇ" ಎಂದರೆ, "ದರ್ಜಿ ಸಾಹೇಬರು ಊಟಕ್ಕೂ ಕತ್ತರಿ ಹಾಕ್ತಾರೆ" ಎಂದು ನಾವೆಲ್ಲ ನಗುತ್ತಿದ್ದೆವು. ಪಾಪ, ಅವರೂ ನಗುತ್ತಿದ್ದರು.

ಇಂಥದ್ದು ವಂಶದಲ್ಲಿದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು, ಬಂದೇ ಬರುತ್ತದೆ ಎಂದೇನಿಲ್ಲ ಎಂದರಲ್ಲ ಡಾಕ್ಟರಮ್ಮ. ಅವರ ಹತ್ತಿರ ಹೋಗಿ ನನ್ನ ಮಾತನ್ನು ತಿದ್ದಿ ಬರುತ್ತೇನೆ. ನಿನ್ನ ಅಡುಗೆಯದೇನೂ ತಪ್ಪಿಲ್ಲ ತಾಯಿ. ಅವತ್ತೇ ಈ ಮಾತು ಹೇಳಬೇಕಿತ್ತು.

ನಿನ್ನ ನಾದಿನಿಯ ಕೂಸಿಗೂ ಗಟ್ಟಿ ಊಟ ತಿನ್ನಿಸುವ ಕಾಲ ಬಂತು. ಅದೂ ನಿನ್ನ ಮಾವನವರದೇ ಮೊಮ್ಮಗು. ಅವರು ಹೋದ ಮೇಲೆ ತಾಯಿಮಗಳು ಮುನಿಸಿಕೊಂಡೆವು. ಅವಳೇ ಮೊದಲು ಬರೆಯಲಿ ಎಂದು ಬಿಗಿದುಕೊಂಡು ಕೂತೆ. ಕೂಸು ಹುಟ್ಟಿದಾಗಲೂ ಒಂದು ಕಾಗದ ಹಾಕಲಿಲ್ಲ.

ಈಗ ಬರೆದಿದ್ದೇನೆ. ಡಾಕ್ಟರನ್ನು ಕೇಳದೆ ಕಡಲೆಬೀಜ ಕೊಡಬೇಡ, ನಿಮ್ಮಪ್ಪನಿಗೂ ಆಗುತ್ತಿರಲಿಲ್ಲ ಎಂದಿದ್ದೇನೆ. ರಾತ್ರಿಶಾಲೆಯಲ್ಲಿ ಕಲಿತ ಅಕ್ಷರ, ತಪ್ಪು ಬೇಕಾದಷ್ಟಿವೆ. ತಿದ್ದುತ್ತಾ ಕೂತರೆ ಆ ಕಾಗದ ಮನೆಯಲ್ಲೇ ಉಳಿದೀತೆಂದು ಹಾಗೆಯೇ ಅಂಟಿಸಿದೆ. ಮೊದಲು ಅಂಚೆಪೆಟ್ಟಿಗೆ, ಆಮೇಲೆ ಡಾಕ್ಟರಮ್ಮ.

ನಿನ್ನ ಅತ್ತೆ