ಥಾಣೆವರೆಗಿನ ವಾರಿಜ

ಡೊಂಬಿವಲಿ ಪೂರ್ವ
ಭಾನುವಾರ, ೨೨ ಡಿಸೆಂಬರ್ ೨೦೨೪

ಚಂಪಕ್ಕ,

ಮೊದಲು ನಮಸ್ಕಾರ, ಜಗಳ ಆಮೇಲೆ.

ನಿಮ್ಮ ಪತ್ರ ತಲುಪಿತು. ಬರೆದದ್ದು ಅರ್ಧ ಪುಟ, ಅದರಲ್ಲಿ ಎರಡು ಪೆಟ್ಟು. "ನಿನ್ನ ಹೊಸ ಚಿತ್ರಗಳನ್ನು ಮೊಮ್ಮಗ ಸಮಿತ್ ಮೊಬೈಲಿನಲ್ಲಿ ತೋರಿಸಿದ. ಒಂದು ಕಂದು ಪಟ್ಟಿ, ಒಂದು ಕಪ್ಪು ಪಟ್ಟಿ. ನಮ್ಮನ್ನೆಲ್ಲ ಒರೆಸಿಬಿಟ್ಟೆಯಲ್ಲ ಮಾರಾಯ್ತಿ!" ಇದು ಮೊದಲನೆಯದು. "ಮನೆಗೆ ಬರುವುದು ಬೇಡ. ಬಂದವರ ಬಾಯಿ ಆಡುವುದು ಕಾಣುತ್ತದೆ, ಏನೂ ಕೇಳುವುದಿಲ್ಲ. ಸುಮ್ಮನೆ ತಲೆ ಆಡಿಸಿ ಸಾಕಾಗಿದೆ." ಇದು ಎರಡನೆಯದು.

ಎರಡನೆಯದರ ವಿಷಯ ನನಗೆ ಗೊತ್ತು. ಕಿವಿಯ ಮಷೀನನ್ನು ನೀವು ಕಪಾಟಿನಲ್ಲೇ ಇಟ್ಟಿದ್ದೀರೆಂದು ನಿಮ್ಮ ಸೊಸೆ ಹೇಳಿದಳು. ಕಳೆದ ಬಾರಿ ನೆರೂಳಿನ ನಿಮ್ಮ ಮನೆಗೆ ಬಂದಾಗ ನಾನು ಏನು ಹೇಳಿದರೂ ನೀವು "ಹೌದು ಹೌದು" ಎಂದಿರಿ. ಹೇಗಿದ್ದೀರಿ ಎಂಬ ಪ್ರಶ್ನೆಗೆ ಕೂಡ ಹೌದು ಎಂದಿರಿ. ಅವತ್ತು ವಾಪಸು ಬರುವಾಗ ಥಾಣೆ ಲೋಕಲ್ಲಿನಲ್ಲಿ ಅತ್ತದ್ದನ್ನು ನಿಮಗೆ ಹೇಳಿರಲಿಲ್ಲ. ಅದು ಇರಲಿ. ಮೊದಲನೆಯದಕ್ಕೆ ಮಾತ್ರ ಉತ್ತರ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಕನ್ನಡಕ ಹಾಕಿಕೊಳ್ಳಿ.

ನನ್ನ ಸ್ಟುಡಿಯೋ ಈಗಲೂ ವಾಗ್ಳೆ ಎಸ್ಟೇಟಿನಲ್ಲೇ ಇದೆ. ನಾನು ಹಿಂದೆ ನಕಾಶೆ ಎಳೆಯುತ್ತಿದ್ದ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತಲ್ಲ, ಅಲ್ಲಿಂದ ಎರಡು ಗಲ್ಲಿ ಆಚೆ. ಕೆಳಗೆ ರಟ್ಟಿನ ಪೆಟ್ಟಿಗೆ ಮಾಡುವವರು, ಮೇಲೆ ನಾನು. ಬೆಳಗ್ಗೆ ಷಟರ್ ಎತ್ತಿದರೆ ಅಂಟಿನ ವಾಸನೆ ನನ್ನ ಟರ್ಪಂಟೈನ್ ವಾಸನೆಯ ಜೊತೆ ಸೇರಿಕೊಳ್ಳುತ್ತದೆ. ಒಂದು ಗೋಡೆಗೆ ಹಳೆಯವರು ಒರಗಿದ್ದಾರೆ: ಅವರೆಕಾಯಿ ಬಿಡಿಸುವ ನೀವು, ನಿಂತಲ್ಲೇ ನಿದ್ದೆ ಹೋದ ನರ್ಸಮ್ಮ, ನವರಾತ್ರಿಗೆ ಲೋಕಲ್ ಟ್ರೈನಿನ ಡಬ್ಬಾಕ್ಕೆ ಚೆಂಡುಹೂವಿನ ಮಾಲೆ ಕಟ್ಟುವ ಹೆಂಗಸರು. ಎದುರಿನ ಗೋಡೆಗೆ ಹೊಸವು, ನೀವು ಬೈದ ಪಟ್ಟಿಗಳು. ನಡುವೆ ನನ್ನ ಸ್ಟೂಲು. ದಿನವಿಡೀ ಒಂದು ಕಡೆಗೆ ಬೆನ್ನು ಹಾಕಿಯೇ ಕೂರಬೇಕು, ಯಾವ ಕಡೆಗೆ ಹಾಕಿದರೂ ಸಂಕಟ.

ಪಟ್ಟಿಗಳು ಹುಟ್ಟಿದ್ದು ಕಳಂಬೋಲಿಯಲ್ಲಿ. ನನ್ನ ತಂಗಿಯ ಮಗ ಯತಿನ್‌ನ ಟ್ರಾನ್ಸ್‌ಪೋರ್ಟ್ ಆಫೀಸು ಅಲ್ಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿದೆ. ಆಯುಧಪೂಜೆಗೆ ಕರೆದ, ಹೋದೆ. ಹಿಂದಿನ ದಿನ ಮಳೆ ಬಂದು ನಿಂತಿತ್ತು. ಬಯಲಲ್ಲಿ ಪೇರಿಸಿಟ್ಟ ಉಕ್ಕಿನ ಹಾಳೆಗಳ ಮೇಲೆ ತುಕ್ಕು ಹರಿದು, ಕೇಸರಿ, ಕಂದು, ನೇರಳೆ ಎಲ್ಲ ಒಂದರೊಳಗೊಂದು ಇಳಿದಿದ್ದವು. ಪೂಜೆ ಮುಗಿದು ಎಲ್ಲರೂ ಊಟಕ್ಕೆ ಕೂತರೂ ನಾನು ಅಲ್ಲೇ ನಿಂತಿದ್ದೆ. ಯತಿನ್ ಬಂದು, "ಮಾವ್ಶಿ, ಅದು ಭಂಗಾರ್, ಗುಜರಿ ಮಾಲು, ಏನು ನೋಡ್ತೀರಿ?" ಎಂದು ನಕ್ಕ. ಅಷ್ಟು ವರ್ಷ ಮೂಗು, ಕಣ್ಣು, ಬಳೆ, ಬುತ್ತಿಯ ಡಬ್ಬಿ ಎಂದು ಬಿಡಿಸಿದವಳಿಗೆ ಯಾರ ಹೆಸರೂ ಇಲ್ಲದ ಬಣ್ಣ ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ನಿಜ ಹೇಳುತ್ತೇನೆ ಚಂಪಕ್ಕ, ಕುಂಚ ಹಿಡಿಯುವುದನ್ನು ಹೊಸದಾಗಿ ಕಲಿತ ಹಾಗೆ ಅನಿಸಿತು. ನಮ್ಮ ವಯಸ್ಸಿಗೆ ಅಂಥ ಸುಖ ಎಷ್ಟು ಸಲ ಸಿಗುತ್ತದೆ?

ಆದರೆ ಜನರಿಗೆ ನಾನಿನ್ನೂ ಲೇಡೀಸ್ ಡಬ್ಬಾ ಮೋಹಿನಿಯೇ. ಥಾಣೆಯಲ್ಲಿ ಗ್ಯಾಲರಿ ನಡೆಸುವ ಹಿತೇಶ್ ಜನವರಿಗೆ ನನ್ನ ಪ್ರದರ್ಶನ ಇಟ್ಟಿದ್ದಾನೆ. ಬಾಗಿಲ ಬಳಿಯ ದೊಡ್ಡ ಹಾಲ್ ಹಳೆಯವಕ್ಕೆ, ಒಳಗಿನ ಚಿಕ್ಕ ಕೋಣೆ ಹೊಸವಕ್ಕೆ. "ಮೋಹಿನಿ ತಾಯಿ, ಲೋಗ್ ಟ್ರೈನ್ ದೇಖ್ನೇ ಆತೇ ಹೈಂ" ಎನ್ನುತ್ತಾನೆ. ಜನ ಬರುವುದು ಟ್ರೈನು ನೋಡಲಿಕ್ಕಂತೆ, ಇನ್ನೂ ನಾಲ್ಕು ಟ್ರೈನು ಬಿಡಿಸಿಕೊಡಿ ಎಂದೂ ಕೇಳಿದ. ಪ್ರಯತ್ನಿಸಿದೆ. ಕೈಗೆ ಎಲ್ಲ ಗೊತ್ತು, ಮುಚ್ಚಿದ ಕಣ್ಣಲ್ಲೂ ಬರುತ್ತದೆ. ಅದೇ ಕಷ್ಟ. ನನ್ನ ಚಿತ್ರಗಳನ್ನೇ ನಾನು ನಕಲು ಮಾಡುತ್ತಿದ್ದೆ, ಹೆಂಗಸರು ಗೊಂಬೆಗಳಾಗಿ ಬಂದರು.

ಇಂಥ ಹೊತ್ತಿಗೆ ಪ್ರೇಕ್ಷಾ ಬಂದಳು.

ಯಾರೆಂದು ಹೊಳೆಯಲಿಕ್ಕಿಲ್ಲ. ನಮ್ಮ ಡಬ್ಬಾದ ವಾರಿಜಳ ಮಗಳು. ವಾರಿಜ ತೀರಿಹೋದಾಗ ಮೂರನೇ ಕ್ಲಾಸಿನಲ್ಲಿದ್ದಳು, ಎರಡು ಜಡೆ ಹಾಕಿಕೊಂಡು ಬಾಗಿಲ ಹಿಂದೆ ನಿಂತಿದ್ದಳು, ನೆನಪಿದೆಯೇ? ಈಗ ಕಲ್ಯಾಣಿನ ಒಂದು ಲ್ಯಾಬಿನಲ್ಲಿ ಕೆಲಸ. ಫೆಬ್ರವರಿಯಲ್ಲಿ ಮದುವೆ. ತುಳು, ಕನ್ನಡ ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಹಿಂದಿಯಲ್ಲಿ, ನಡುನಡುವೆ ಕನ್ನಡ. ಕೂತವಳೇ ಹೇಳಿದಳು:

"ಆಂಟಿ, ಮಂಟಪದಲ್ಲಿ ಇಡ್ಲಿಕ್ಕೆ ಪಪ್ಪಾ ಮಮ್ಮಿಯ ಫೋಟೋ ದೊಡ್ಡದು ಮಾಡಿಸಿದ್ದಾರೆ. ಆಫೀಸ್ ಕಾರ್ಡಿಂದು. ಐಸಾ ಲಗ್ತಾ ಹೈ ಯಾರೋ ಅವಳಿಗೆ ಬೈದಿದ್ದಾರೆ. ಮಮ್ಮಿ ಐಸೀ ಥೀ ಕ್ಯಾ?"

ಹಾಗಿರಲಿಲ್ಲ ಎಂದೆ.

"ನೀವು ಟ್ರೈನಲ್ಲಿ ಅವಳ ಚಿತ್ರ ಬಿಡಿಸಿದ್ದೀರಂತೆ. ಮುಝೇ ಚೆಹ್ರಾ ದೇಖ್ನಾ ಹೈ."

ಮುಖ ನೋಡಬೇಕಂತೆ. ಎದ್ದು ಹಳೆಯ ಚಿತ್ರಗಳನ್ನು ಒಂದೊಂದಾಗಿ ತಿರುಗಿಸಿದೆ. ವಾರಿಜ ಎಲ್ಲದರಲ್ಲೂ ಇದ್ದಳು, ಎಲ್ಲದರಲ್ಲೂ ಬೆನ್ನು ಹಾಕಿಯೇ ಇದ್ದಳು! ತುರುಬು, ಅದರಲ್ಲಿ ಕೇಸರಿ ಅಬ್ಬಲಿಗೆ ಹೂವಿನ ದಂಡೆ, ಕುತ್ತಿಗೆಯ ಮಚ್ಚೆ, ಹಸಿರು ಸೀರೆಯ ಹೆಗಲು. ಮುಖ ಒಂದರಲ್ಲೂ ಇಲ್ಲ. ಅವಳು ಒಂದು ಕ್ಷಣ ಬಾಯಿ ಮುಚ್ಚಿ ಕೂತಿದ್ದರೆ ತಾನೇ ನಾನು ಬಿಡಿಸುವುದು? ಪೆನ್ಸಿಲು ಇಟ್ಟರೆ ಆ ಕಡೆ ತಿರುಗುತ್ತಿದ್ದಳು, ಯಾರಿಗೋ ಏನೋ ಹೇಳಲು. ನಾನು ಬೈದು ಬೈದು ಕೊನೆಗೆ ತುರುಬನ್ನೇ ಬಿಡಿಸುತ್ತಿದ್ದೆ.

ಬಿಡಿಸಿಕೊಡುತ್ತೇನೆ, ಇನ್ನೊಂದು ವಾರ ಬಿಟ್ಟು ಬಾ ಎಂದು ಕಳಿಸಿದೆ. ಆ ವಾರವೆಲ್ಲ ವಾರಿಜಳ ಮುಖವನ್ನು ಹುಡುಕಿದೆ. ಕಣ್ಣು ಮುಚ್ಚಿದರೆ ನೆನಪಾಗುವುದು ನಾನೇ ಬಿಡಿಸಿದ ಚಿತ್ರ. ಅದರಾಚೆ ಹೋದರೆ ಏನೂ ಇಲ್ಲ. ಹೆದರಿಕೆಯೇ ಆಯಿತು. ಕೊನೆಗೆ ನೆನಪಾದದ್ದು ಪಾರ್ಸಿಕ್ ಬೊಗದಾ.

ಈಗಿನವರಿಗೆ ಅದು ಗೊತ್ತಿಲ್ಲ. ಹೊಸ ಹಳಿ ಹಾಕಿದ ಮೇಲೆ ನಮ್ಮ ಫಾಸ್ಟ್ ಲೋಕಲ್ಲುಗಳು ಸುರಂಗದೊಳಗೆ ಹೋಗುವುದನ್ನೇ ಬಿಟ್ಟಿವೆ, ದೂರದ ಗಾಡಿಗಳು ಮಾತ್ರ ಹೋಗುತ್ತವೆ. ದಿವಾ ಸ್ಟೇಷನ್ ದಾಟಿ ಬೊಗದಾ ಹೊಕ್ಕರೆ ಎಂಥ ಸದ್ದು! ಕತ್ತಲು, ತಂಪು ಗಾಳಿ, ಇಡೀ ಡಬ್ಬಾ ಬಾಯಿ ಮುಚ್ಚಬೇಕು. ವಾರಿಜಳ ವಾಕ್ಯ ಅರ್ಧಕ್ಕೆ ತುಂಡಾಗುತ್ತಿತ್ತು. "ನಮ್ಮ ಮೈದುನ ಗುರುವಪ್ಪ ಬಂಗುಡೆ ಮೀನು ತಂದದ್ದೇನೋ ಸರಿ, ಅದನ್ನು ಇಟ್ಟದ್ದು" ಎನ್ನುವಾಗ ಸುರಂಗ. ಆಚೆ ಬೆಳಕಿಗೆ ಬಂದೊಡನೆ, ಉಸಿರು ಕೂಡ ಎಳೆಯದೆ, "ನನ್ನ ಆಫೀಸಿನ ಚೀಲದೊಳಗೆ!" ಎಂದು ಮುಗಿಸುತ್ತಿದ್ದಳು. ಡಬ್ಬಾಕ್ಕೆ ಡಬ್ಬಾವೇ ನಗುತ್ತಿತ್ತು. ಅಷ್ಟರಲ್ಲಿ ಥಾಣೆ ಬರುತ್ತಿತ್ತು, ನಾನು ಇಳಿಯುತ್ತಿದ್ದೆ. ವಾರಿಜ ದಾದರಿನವರೆಗೆ, ನೀವು ವಿ.ಟಿ.ಯವರೆಗೆ. ನನಗೆ ಸಿಕ್ಕಿದ್ದು ಥಾಣೆವರೆಗಿನ ವಾರಿಜ ಮಾತ್ರ. ಮಿಕ್ಕ ಕತೆಯೆಲ್ಲ ನಿಮ್ಮ ಪಾಲು. ಅದಕ್ಕೆ ನನಗೆ ಎಷ್ಟು ಹೊಟ್ಟೆಕಿಚ್ಚಿತ್ತು ಗೊತ್ತೇ?

ಮುಖ ಬರಲಿಲ್ಲ, ಬೊಗದಾ ಬಿಡಿಸಿದೆ. ದೊಡ್ಡ ಕ್ಯಾನ್ವಾಸು. ಎಡಕ್ಕೆ ಹಸಿರು, ನಡುವೆ ಅಗಲವಾದ ಕಪ್ಪು, ಬಲಕ್ಕೆ ಕಣ್ಣು ಕುಕ್ಕುವ ಬಿಳಿ, ಅದರಂಚಿಗೆ ಅಬ್ಬಲಿಗೆಯ ಬಣ್ಣ. ಸಮಿತ್ ನಿಮಗೆ ತೋರಿಸಿದ ಕಪ್ಪು ಪಟ್ಟಿ ಅದೇ. ನಿಮ್ಮನ್ನು ಒರೆಸಲಿಲ್ಲ ಚಂಪಕ್ಕ. ಆ ಕಪ್ಪಿನೊಳಗೆ ನಾವೆಲ್ಲ ಕೂತಿದ್ದೇವೆಂದೇ ನಾನು ತಿಳಿದದ್ದು.

ಪ್ರೇಕ್ಷಾ ಬಂದಳು, ನೋಡಿದಳು. ತುಂಬ ಹೊತ್ತು ನೋಡಿದಳು, ಪಾಪ. ಆಮೇಲೆ ಮೆಲ್ಲಗೆ ಕೇಳಿದಳು: "ಆಂಟಿ, ಇಸ್ ಮೇಂ ಮಮ್ಮಿ ಕಿಧರ್ ಹೈ?"

ಪತ್ರಿಕೆಯವರು ಏನೇನೋ ಕೇಳಿದ್ದಾರೆ, ಅದಕ್ಕೆಲ್ಲ ಉತ್ತರ ಕೊಟ್ಟಿದ್ದೇನೆ. ಅಮ್ಮ ಎಲ್ಲಿದ್ದಾಳೆ ಎಂದು ಮಗಳು ಕೇಳಿದ್ದಕ್ಕೆ ಏನು ಹೇಳಲಿ? ಬಣ್ಣ, ಬೆಳಕು ಎಂದು ಶುರು ಮಾಡಿ ನನಗೇ ನಾಚಿಕೆಯಾಗಿ ನಿಲ್ಲಿಸಿದೆ. "ನಡಿ, ತೋರಿಸುತ್ತೇನೆ" ಎಂದೆ.

ಅದರ ಮುಂದಿನ ಭಾನುವಾರ ಕಲ್ಯಾಣಿನಲ್ಲಿ, ನಾಸಿಕ್ ಕಡೆಯಿಂದ ಬರುವ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ ಹತ್ತಿದೆವು. ಥಾಣೆವರೆಗೆ ಅಷ್ಟೇ. "ಅರ್ಧ ಗಂಟೆಯ ದಾರಿಗೆ ಮೇಲ್ ಗಾಡಿ ಯಾಕೆ ಆಂಟಿ?" ಎಂದು ನಗುತ್ತಲೇ ಬಂದಳು. ಒಬ್ಬ ಪುಣ್ಯಾತ್ಮ ಕಿಟಕಿ ಬಳಿ ಜಾಗ ಬಿಟ್ಟುಕೊಟ್ಟ. ಅವಳು ಒಂದು ಬದಿ, ನಾನು ಎದುರು ಬದಿ. ಡೊಂಬಿವಲಿ ದಾಟುವಾಗಲೇ ಅವಳ ಮಾತು ಶುರು: ಲ್ಯಾಬಿನ ಬಾಸು, ಮದುವೆಯ ಹಾಲ್, ಅಪ್ಪನ ಬಿ.ಪಿ. ಬೊಗದಾ ಬರುತ್ತದೆಂದು ನಾನು ಹೇಳಿರಲಿಲ್ಲ. "ಪಪ್ಪಾ ಹೇಳ್ತಾರೆ, ಮಮ್ಮಿಗೆ ಸಿಟ್ಟು ಬಂದ್ರೆ" ಎಂದಳು, ಅಷ್ಟರಲ್ಲಿ ಗಾಡಿ ಒಳಗೆ ನುಗ್ಗಿತು. ಅದೇ ಸದ್ದು, ಅದೇ ತಂಪು. ಬೋಗಿಯ ದೀಪದಲ್ಲಿ ಅವಳ ಬಾಯಿ ಅರ್ಧ ತೆರೆದೇ ಇತ್ತು. ಕಣ್ಣಲ್ಲಿ ಆ ಉಳಿದ ಮಾತು ಕಾಯುತ್ತಿತ್ತು. ಆಚೆ ಬೆಳಕು ಬಿದ್ದದ್ದೇ ತಡ, "ತೊಳೆದ ಪಾತ್ರೆಯನ್ನೇ ಮತ್ತೆ ತೊಳೀತಾ ಇದ್ಳಂತೆ!" ಎಂದು ಗಟ್ಟಿಯಾಗಿ ನಕ್ಕಳು.

ನಾನು ನಗಲಿಲ್ಲ. ನನ್ನ ಮುಖ ನೋಡಿ ಹೆದರಿ, "ಆಂಟಿ, ಕ್ಯಾ ಹುವಾ? ನೀರು ಕೊಡ್ಲಾ?" ಎಂದಳು. ಅವಳಮ್ಮ ಏನು ಮಾಡುತ್ತಿದ್ದಳೆಂದು ಆಗ ಹೇಳಿದೆ. ಬಂಗುಡೆಯ ಕತೆಯನ್ನೂ ಹೇಳಿದೆ. ಥಾಣೆ ಬಂತು. ಪ್ಲಾಟ್‌ಫಾರ್ಮಿನಲ್ಲಿ ಇಳಿದು ನನ್ನ ಕೈ ಹಿಡಿದುಕೊಂಡಳು. "ಮತ್ತೆ ಒಮ್ಮೆ ಹೋಗುವ ಆಂಟಿ?" ಎಂದಳು. ಕನ್ನಡದಲ್ಲೇ.

ಅಲ್ಲಿಂದ ನೇರ ಸ್ಟುಡಿಯೋಗೆ ಹೋದೆ. ಭಾನುವಾರ, ಕೆಳಗೆ ಪೆಟ್ಟಿಗೆಯವರೂ ಇರಲಿಲ್ಲ. ಕಪ್ಪು ಮುಗಿದು ಬಿಳಿ ಶುರುವಾಗುವಲ್ಲಿ ಒಂದು ಮುಖ ಬಿಡಿಸಿದೆ. ಪೂರ್ತಿಯಲ್ಲ. ಮೂಗಿನಿಂದ ಕೆಳಗೆ, ಬೆಳಕಿಗೆ ಆಗಷ್ಟೇ ಬಂದಷ್ಟು. ಬಾಯಿ ತೆರೆದಿದೆ. ಉಳಿದದ್ದೆಲ್ಲ ಬಣ್ಣವೇ, ಹಾಗೇ ಬಿಟ್ಟೆ. ಹಿತೇಶ್ ಬಂದು ನೋಡಿ ತಲೆ ಕೆರೆದುಕೊಂಡ. "ತಾಯಿ, ಇದನ್ನ ಯಾವ ಗೋಡೆಗೆ ಹಾಕಲಿ? ಟ್ರೈನ್‌ವಾಲಾ ಅಲ್ಲ, ಮಾಡರ್ನ್‌ವಾಲಾನೂ ಅಲ್ಲ." ನನಗೂ ಗೊತ್ತಿಲ್ಲಪ್ಪ ಎಂದೆ. ಗೊತ್ತಿಲ್ಲ ಎಂದು ಹೇಳಿ ಇಷ್ಟು ಸಮಾಧಾನವಾದದ್ದು ನೆನಪಿಲ್ಲ.

ಪ್ರೇಕ್ಷಾಳೂ ನೋಡಿದಳು. "ಯೇ ಮಮ್ಮಿ ಹೈ?" ಎಂದು ಕೇಳಿದಳು. ಹೌದು ಎಂದೆ. ಆದರೆ ಚಂಪಕ್ಕ, ಅದು ವಾರಿಜಳ ಬಾಯಿಯೋ, ಟ್ರೈನಿನಲ್ಲಿ ನನ್ನೆದುರು ಕೂತಿದ್ದ ಮಗಳ ಬಾಯಿಯೋ, ನನಗೇ ತಿಳಿಯದು. ಅಷ್ಟು ವರ್ಷ ನಾನು ಕೂತದ್ದು ವಾರಿಜಳ ಪಕ್ಕದಲ್ಲಿ. ಎದುರು ಕೂತವರು ನೀವು. ಅವಳ ಮುಖ ಪೂರ್ತಿಯಾಗಿ ಇರುವುದು ನಿಮ್ಮ ಹತ್ತಿರ ಮಾತ್ರ.

ಚಿತ್ರದ ಫೋಟೋ ಲಕೋಟೆಯಲ್ಲಿದೆ. ತುಟಿಯ ಓರೆ ಸರಿಯೇ? ಮೇಲಿನ ಹಲ್ಲು ಅಷ್ಟು ಕಾಣುತ್ತಿತ್ತೇ? ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ. ಬಣ್ಣ ಇನ್ನೂ ಹಸಿ ಇದೆ, ಮದುವೆಗೆ ಮೊದಲು ತಿದ್ದಬಹುದು.

ಸಮಿತ್‌ಗೆ, ಸೊಸೆಗೆ ನನ್ನ ನೆನಪು ಹೇಳಿ.

ಜಗಳ ಮುಗಿಯದ,
ನಿಮ್ಮ ಮೋಹಿನಿ

ಮರೆತಿದ್ದೆ: ಇದನ್ನು ನಾನು ಅಂಚೆಗೆ ಹಾಕಿಲ್ಲ. ಮನೆಗೆ ಬರಬೇಡ ಎಂದು ನೀವು ನನಗೆ ಹೇಳಿದಿರಿ, ನಾನು ಬಂದಿಲ್ಲ. ಲಕೋಟೆ ತಂದುಕೊಟ್ಟು, ನೀವು ಓದಿ ಮುಗಿಸಲೆಂದು ಎದುರಿನ ಕುರ್ಚಿಯಲ್ಲಿ ಕೂತಿದ್ದಾಳಲ್ಲ, ಅವಳು ಕೊರಿಯರ್‌ನವಳಲ್ಲ. ನೀವು ಓದುವವರೆಗೆ ಹೆಸರು ಹೇಳಬೇಡ ಎಂದು ನಾನೇ ಹೇಳಿ ಕಳಿಸಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಇದರಲ್ಲಿ ಏನಿದೆಯೆಂದೂ ಗೊತ್ತಿಲ್ಲ. ದಾದರಿನವರೆಗಿನ ಅಮ್ಮನ ಕತೆಗಳು ನಿಮ್ಮಲ್ಲಿವೆ ಎಂದಷ್ಟೇ ಗೊತ್ತು. ಇನ್ನು ಪತ್ರ ಮಡಿಚಿ, ತಲೆ ಎತ್ತಿ ನೋಡಿ.